ಪುತಳಾಬಾಯಿಯ ಕಂಠಕ್ಕೊಂದು ಮೈಕು

ಬಿಸಿಯೂಟದ ಅಡುಗೆಯವಳು ಮೈಕು ಕೊಳ್ಳುತ್ತಾಳೆಂದರೆ ಊರು ನಗದೆ ಬಿಟ್ಟೀತೇ? ಕಮಲಾಪುರದ ಬಸ್ ಸ್ಟ್ಯಾಂಡಿನಿಂದ ಹಿಡಿದು ಬಸವಣ್ಣನ ಗುಡಿಯ ಕಟ್ಟೆಯ ತನಕ ಕಂಡಕಂಡವರೆಲ್ಲ ಪುತಳಾಬಾಯಿಯನ್ನು ಕೇಳಿದರು, ಯಾವ ಎಲೆಕ್ಷನ್ನಿಗೆ ನಿಂತಿದ್ದಾಳೆಂದು. ಆಕೆಯೂ ಬಿಟ್ಟವಳಲ್ಲ. ತನ್ನ ಚಿಹ್ನೆ ಸೌಟು, ಓಟು ಹಾಕದವರ ಮಕ್ಕಳ ತಟ್ಟೆಗೆ ನೀರು ಸಾರೇ ಗತಿ ಎಂದು ಹೇಳಿ ಮುಂದೆ ನಡೆದಳು. ನಿಜವಾದ ಕಾರಣವನ್ನು ಮಾತ್ರ ಮನೆಯವರಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ.

ಕಾರಣ ಕುತ್ತಿಗೆಯಲ್ಲಿತ್ತು. ಎರಡು ವರ್ಷದಿಂದ ಬೆಳೆಯುತ್ತಿದ್ದ ಥೈರಾಯ್ಡ್ ಗಂಟನ್ನು ಇನ್ನು ತೆಗೆಯಲೇಬೇಕೆಂದು ಕಲಬುರಗಿಯ ಡಾಕ್ಟರು ಫೆಬ್ರುವರಿ ಮೊದಲ ವಾರಕ್ಕೆ ಆಪರೇಷನ್ ಗೊತ್ತು ಮಾಡಿದ್ದರು. ಮುಚ್ಚುಮರೆಯಿಲ್ಲದ ಮನುಷ್ಯ. ಜೀವಕ್ಕೇನೂ ಭಯವಿಲ್ಲ, ಆದರೆ ಧ್ವನಿಯ ನರ ಆ ಗಂಟಿನ ಮಗ್ಗುಲಲ್ಲೇ ಹಾದುಹೋಗುತ್ತದೆ, ಎಷ್ಟು ಜೋಪಾನ ಮಾಡಿದರೂ ಹಾಡುವವರಿಗೆ ಮೇಲಿನ ಸ್ವರ ಹೋದರೂ ಹೋಗಬಹುದು ಎಂದು ಬಿಡಿಸಿ ಹೇಳಿದ್ದರು. ಅಂದಿನಿಂದ ಆಪರೇಷನ್ನಿಗೆ ಹತ್ತೊಂಬತ್ತು ದಿನ ಇತ್ತು.

ಪುತಳಾಬಾಯಿ ಹಾಡುವವಳು. ಮೂವತ್ತು ವರ್ಷದಿಂದ ಸೋಮವಾರದ ಹೆಂಗಸರ ಭಜನೆಯಲ್ಲಿ ಮುಂದೆ ಕೂತು ಸೊಲ್ಲು ಎತ್ತುವವಳು ಆಕೆಯೇ. ಸೋದರತ್ತೆಯಿಂದ ಕಲಿತ ಮೂವತ್ತೊಂದು ಪದಗಳು ಆಕೆಯ ಬಾಯಲ್ಲಿ ಬಿಟ್ಟರೆ ಇನ್ನೆಲ್ಲಿಯೂ ಇರಲಿಲ್ಲ. ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ. ಈಕೆಗೆ ಬಂದರೂ ಬರೆದಿಡಲಿಲ್ಲ, ಏಕೆಂದರೆ ಧಾಟಿಯನ್ನು ಯಾವ ಪುಸ್ತಕದಲ್ಲಿ ಬರೆಯುವುದು? ಗಂಟಲು ಹೋದರೆ ಹೋಗಲಿ, ಪದಗಳು ಅದರ ಬೆನ್ನ ಹಿಂದೆ ಹೋಗಬಾರದು. ಹತ್ತೊಂಬತ್ತು ದಿನದಲ್ಲಿ ಮೂವತ್ತೊಂದನ್ನೂ ಹಾಡಿ ಹಿಡಿದಿಡಬೇಕು ಎಂದು ಆಕೆ ನಿಶ್ಚಯಿಸಿದಳು.

ಮೈಕು ಆರಿಸುವ ಕೆಲಸವನ್ನು ಮಗಳು ಮಲ್ಲಿಕಾ ಮೈಮೇಲೆ ಹಾಕಿಕೊಂಡಳು. ಅವಳ ಮನೆ ಕಲಬುರಗಿಯಲ್ಲಿ, ನಂದೂರಿನ ಬೇಳೆ ಮಿಲ್ಲುಗಳ ಹತ್ತಿರ. ಗಂಡನಿಗೆ ಅಲ್ಲೇ ಮಿಲ್ಲಿನಲ್ಲಿ ಕೆಲಸ. ಮನೆಯಲ್ಲೊಂದು ಲ್ಯಾಪ್‌ಟಾಪ್ ಇತ್ತು. ಮಲ್ಲಿಕಾ ಎರಡು ದಿನ ಮೊಬೈಲಿನಲ್ಲಿ ವಿಡಿಯೋ ನೋಡಿದ್ದೇ ನೋಡಿದ್ದು. ಮೈಕುಗಳಲ್ಲಿ ಇಷ್ಟೊಂದು ಒಳಪಂಗಡ ಇದೆಯೆಂದು ಅವಳಿಗೇನು ಗೊತ್ತು! ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ತೆಗಳುತ್ತಿದ್ದ. ಕೊನೆಗೆ ಹೆಚ್ಚು ಜನ ಹೊಗಳಿದ ಒಂದು ಕಂಡೆನ್ಸರ್ ಮೈಕನ್ನೂ ಅದರ ದನಿಯನ್ನು ಎತ್ತಿ ಕಂಪ್ಯೂಟರಿಗೆ ಕೊಡುವ ಪ್ರೀಆಂಪ್ ಎಂಬ ಸಣ್ಣ ಡಬ್ಬಿಯನ್ನೂ ತರಿಸಿದಳು. ಇಂಥ ಮೈಕು ಇರುವೆಯ ಉಸಿರನ್ನೂ ಬಿಡುವುದಿಲ್ಲವೆಂದು ವಿಡಿಯೋದವರು ಹೇಳಿದ್ದರು.

ಅವರು ಸುಳ್ಳು ಹೇಳಿರಲಿಲ್ಲ. ಪುತಳಾಬಾಯಿ ಮಗಳ ಮನೆಯಲ್ಲಿ ಕೂತು ಮೊದಲ ಪದ ಹಾಡಿದಳು. ಕೇಳಿದರೆ ಮಿಲ್ಲಿನ ಗುಂಯ್ ಎನ್ನುವ ಸದ್ದು ಇತ್ತು, ಪಕ್ಕದ ಮನೆಯ ಕುಕ್ಕರಿನ ಮೂರು ಸೀಟಿ ಇತ್ತು, ಬೀದಿಯಲ್ಲಿ ಸೊಪ್ಪು ಮಾರುವವಳು ಇದ್ದಳು, ಇವರೆಲ್ಲರ ನಡುವೆ ಎಲ್ಲೋ ಪುತಳಾಬಾಯಿಯೂ ಇದ್ದಳು. ಕಿಟಕಿ ಮುಚ್ಚಿದರು, ಫ್ಯಾನು ಆರಿಸಿದರು. ಆಗ ಬರಿಯ ಗೋಡೆಗಳು ಹಾಡನ್ನು ತಿರುಗಿ ಕೂಗತೊಡಗಿದವು. ಹೀಗೆ ಎರಡು ದಿನ ಕೈಬಿಟ್ಟವು. ಮಲ್ಲಿಕಾ ಅಳುವುದೊಂದು ಬಾಕಿ.

ಬುರ್ಹಾನುದ್ದೀನ್ ಸಾಹೇಬರ ಹೆಸರು ಹೇಳಿದವನು ಅಳಿಯ. ಕೋಟೆಯ ಹತ್ತಿರ ಅವರದೊಂದು ಅಂಗಡಿ. ನಲವತ್ತು ವರ್ಷದಿಂದ ಮದುವೆ, ಉರುಸು, ಸಭೆ ಎಂದು ಮೈಕ್ ಸೆಟ್ ಬಾಡಿಗೆಗೆ ಕೊಟ್ಟವರು, ಕೆಟ್ಟದ್ದನ್ನು ರಿಪೇರಿ ಮಾಡಿದವರು. ತಾಯಿ ಮಗಳು ಚೀಲದಿಂದ ಡಬ್ಬಿಗಳನ್ನು ತೆಗೆದು ಮೇಜಿನ ಮೇಲಿಟ್ಟರೆ ಆ ಮನುಷ್ಯ ಅವನ್ನು ನೋಡಲೂ ಇಲ್ಲ. ಮೊದಲು ಅಕ್ಕನವರು ಹಾಡಲಿ ಎಂದು ಹೇಳಿ, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ, ಬೆನ್ನು ಮಾಡಿ ಕೂತುಬಿಟ್ಟರು. ಮುಖ ನೋಡುತ್ತಾ ಕೇಳಿದರೆ ಕಿವಿ ಸೋಮಾರಿಯಾಗುತ್ತದೆ ಎಂಬುದು ಅವರ ಲೆಕ್ಕ.

ಹಾಡುಹಗಲಲ್ಲಿ ಬಜಾರಿನ ಅಂಗಡಿಯೊಂದರಲ್ಲಿ ಹೆಂಗಸು ನಿಂತು ಹಾಡುವುದೆಂದರೇನು? ಪುತಳಾಬಾಯಿ ಸೆರಗು ಹೊದ್ದು ಅತ್ತಿತ್ತ ನೋಡಿದಳು. ಆಮೇಲೆ ಹದಿನಾಲ್ಕೇ ದಿನ ಉಳಿದದ್ದು ನೆನಪಾಗಿ, ಕಣ್ಣು ಮುಚ್ಚಿ ‘ಬಾಡಿಗಿ ಮನಿಯಾಗ ಬೆಳಕ ಹಚ್ಚಿಟ್ಟು ಹೋಗೇನ’ ಎಂದು ಎತ್ತಿದಳು. ಪದ ಮುಗಿಯುವ ತನಕ ಸಾಹೇಬರು ಅಲುಗಾಡಲಿಲ್ಲ. ತಿರುಗಿದಾಗ ಅವರ ಕಣ್ಣು ತೇವವಾಗಿತ್ತು. ಆದರೆ ಮಾತು ಮಾತ್ರ ರಿಪೇರಿಯವರ ಮಾತೇ.

“ಅಕ್ಕಾರ, ನೀವು ತಂದಿದ್ದು ಕೆಟ್ಟ ಮೈಕ್ ಅಲ್ರೀ. ಅದು ಓಣಿ ಸುದ್ದಿ ಎಲ್ಲಾ ಕೇಳೋ ಕಿವಿ. ನಿಮಗ ಎದುರಿಗಿ ಕುಂತವರ ಮಾತಷ್ಟೇ ಕೇಳೋ ಕಿವಿ ಬೇಕು.”

ಅಂಥ ಕಿವಿ ಎಂದರೆ ಡೈನಾಮಿಕ್ ಮೈಕು. ಮುಂದಿನದು ಕೇಳುತ್ತದೆ, ಬೆನ್ನ ಹಿಂದಿನದಕ್ಕೆ ಕಿವುಡು. ಅದಕ್ಕೂ ಒಂದು ಕೊರತೆ ಇತ್ತು. ಅದು ಕೊಡುವ ದನಿ ಬಹಳ ಮೆಲ್ಲಗೆ, ಎತ್ತಿಕೊಡುವ ಪ್ರೀಆಂಪಿಗೆ ತಾಕತ್ತು ಬೇಕು. ಸಾಹೇಬರು ತಮ್ಮಲ್ಲಿದ್ದ ಅಂಥದೊಂದನ್ನು ಮಲ್ಲಿಕಾಳ ಸಣ್ಣ ಡಬ್ಬಿಗೆ ಸಿಕ್ಕಿಸಿ, ತಿರುಗಣಿಯನ್ನು ಕೊನೆಯ ತನಕ ತಿರುವಿ, ಹೆಡ್‌ಫೋನ್ ಅವಳ ಕಿವಿಗೇರಿಸಿ, ತಾಯಿಯನ್ನು ಮತ್ತೆ ಹಾಡಿಸಿದರು. ಹಾಡಿನ ಕೆಳಗೆ ಕಾದ ಎಣ್ಣೆಯಲ್ಲಿ ಭಜಿ ಬಿಟ್ಟಂಥ ಸದ್ದು. ಆಮೇಲೆ ತಾವೇ ರಿಪೇರಿ ಮಾಡಿಟ್ಟಿದ್ದ ಹಳೆಯ, ಭಾರದ ಪ್ರೀಆಂಪೊಂದನ್ನು ಕಪಾಟಿನಿಂದಿಳಿಸಿ ನಡುವೆ ಜೋಡಿಸಿದರು. ಅದರ ತಿರುಗಣಿ ಅರ್ಧಕ್ಕೆ ಬಂದಿತ್ತೋ ಇಲ್ಲವೋ, ಭಜಿಯ ಸದ್ದು ಹೋಗಿ ಬರೀ ಅವ್ವ ಉಳಿದಳು. ಮಲ್ಲಿಕಾ ಹೆಡ್‌ಫೋನ್ ತೆಗೆಯದೆ ತಾಯಿಯನ್ನೇ ನೋಡುತ್ತಾ ನಿಂತಳು.

ಹೊಸ ಮೈಕನ್ನು ತೆಗೆದುಕೊಂಡು ಸಾಹೇಬರು ಡೈನಾಮಿಕ್ ಮೈಕನ್ನೂ ಹಳೆಯ ಪ್ರೀಆಂಪನ್ನೂ ಅದಲುಬದಲು ಕೊಟ್ಟರು. ಮೇಲೆ ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಬದಲಿಗೆ ಒಂದು ಪ್ರಶ್ನೆ ಕೇಳಿದರು: ಊರ ಮನೆಯಲ್ಲಿ ಯಾವ ಕೋಣೆಯಲ್ಲಿ ಕೂಗಿದರೆ ದನಿ ತಿರುಗಿ ಬರುವುದಿಲ್ಲ? ಪುತಳಾಬಾಯಿ ಯೋಚಿಸಲೇ ಇಲ್ಲ. ಗಂಡ ನಾಗಣ್ಣ ಆಗಷ್ಟೇ ರಾಶಿ ಮಾಡಿ ತೊಗರಿಯ ಚೀಲಗಳನ್ನು ಒಟ್ಟಿದ ಕೋಣೆ. ಅಲ್ಲಿಂದ ಗಂಡನನ್ನು ಎಷ್ಟು ಕರೆದರೂ ಆತನಿಗೆ ಕೇಳುವುದಿಲ್ಲ ಎಂದಳು. ಸಾಹೇಬರು ನಕ್ಕು, ಹಾಗಾದರೆ ಅದೇ ನಿಮ್ಮ ಸ್ಟುಡಿಯೋ ಎಂದರು. ಬಾಗಿಲಿಗೊಂದು ಕೌದಿ ಕಟ್ಟಿ, ಮೈಕಿನ ಬೆನ್ನು ರಸ್ತೆಯ ಕಡೆಗಿರಲಿ, ಬಾಯಿಗೂ ಮೈಕಿಗೂ ನಾಲ್ಕು ಬೆರಳು ಅಂತರ ಇರಲಿ ಎಂದು ಹೇಳಿ ಕಳಿಸಿದರು. ಬಸ್ಸಿನಲ್ಲಿ ಆ ಭಾರದ ಪ್ರೀಆಂಪನ್ನು ತೊಡೆಯ ಮೇಲಿಟ್ಟುಕೊಂಡು ಪುತಳಾಬಾಯಿ ಊರು ಬರುವ ತನಕ ಆ ಮನುಷ್ಯನನ್ನು ಹರಸಿದಳು.

ತೊಗರಿ ಕೋಣೆಯಲ್ಲಿ ಕೆಲಸ ಹೂವೆತ್ತಿದಂತೆ ನಡೆಯಿತು. ಶಾಲೆಯ ಅಡುಗೆ ಮುಗಿಸಿ ಬಂದು ಪುತಳಾಬಾಯಿ ಹಾಡುವುದು, ಕಲಬುರಗಿಯಿಂದ ಬಂದುಳಿದ ಮಲ್ಲಿಕಾ ಲ್ಯಾಪ್‌ಟಾಪ್ ಮುಂದೆ ಕೂಡುವುದು. ನಾಗಣ್ಣ ಬಾಗಿಲಲ್ಲಿ ಬೆತ್ತ ಹಿಡಿದು ಕೂತು ಬೈಕಿನವರಿಗೆಲ್ಲ ಮೆಲ್ಲಗೆ ಹೋಗೆಂದು ಕೂಗುತ್ತಿದ್ದ. ಬೈಕಿಗಿಂತ ಆತನ ಕೂಗೇ ಜೋರೆಂದು ಒಳಗೆ ಕರೆದು ಕೂಡಿಸಬೇಕಾಯಿತು. ಆರು ದಿನದಲ್ಲಿ ಇಪ್ಪತ್ತೆರಡು ಪದ ಮುಗಿದವು.

ಎಡವಟ್ಟು ಆದದ್ದು ಆಮೇಲೆ. ಲ್ಯಾಪ್‌ಟಾಪಿನ ಪರದೆಯಲ್ಲಿ ದನಿ ಇದ್ದಲ್ಲಿ ಗೆರೆ ಏಳುತ್ತದೆ, ಇಲ್ಲದಲ್ಲಿ ಮಲಗುತ್ತದೆ. ಅವ್ವ ಪ್ರತಿ ಸೊಲ್ಲಿನ ಕೊನೆಗೆ ನಿಲ್ಲುವುದನ್ನು ಮಲ್ಲಿಕಾ ಕಂಡಳು. ನೋಯುವ ಗಂಟಲು, ದಣಿದು ನಿಲ್ಲುತ್ತಾಳೆ ಎಂದುಕೊಂಡಳು. ನಾಳೆ ಕೇಳುವವರಿಗೆ ಅವ್ವನ ದಣಿವು ಕಾಣಬಾರದೆಂದು, ಆಕೆಯ ಗಂಟಲಿಗೆ ಎರಡು ದಿನ ಬಿಡುವು ಕೊಟ್ಟು, ಇಪ್ಪತ್ತೆರಡು ಪದಗಳಲ್ಲೂ ಆ ಖಾಲಿ ಜಾಗಗಳನ್ನೆಲ್ಲ ಕತ್ತರಿಸಿ, ಸೊಲ್ಲಿಗೆ ಸೊಲ್ಲು ಹೊಂದಿಸಿ, ಹಳೆಯದರ ಮೇಲೆಯೇ ಉಳಿಸಿಬಿಟ್ಟಳು. ಪ್ರೀತಿಯಿಂದ ಮಾಡಿದ ತಪ್ಪು. ಅಂಥದಕ್ಕೆ ಬೈಯಲೂ ಬಾಯಿ ಬರುವುದಿಲ್ಲ.

ಪುತಳಾಬಾಯಿ ಎರಡು ಪದ ಕೇಳಿ ಹೆಡ್‌ಫೋನ್ ತೆಗೆದಿಟ್ಟಳು. ಇದರೊಳಗಿನವಳು ಯಾರೋ ಬೆನ್ನಟ್ಟಿ ಬಂದ ಹಾಗೆ ಹಾಡಿದ್ದಾಳೆ, ಇದು ತನ್ನ ಹಾಡಲ್ಲ ಎಂದಳು. ಮಲ್ಲಿಕಾಳಿಗೆ ಅರ್ಥವಾಗಲಿಲ್ಲ. ದಣಿವು ತೆಗೆದಿದ್ದೇನೆ ಅಷ್ಟೇ ಎಂದಳು.

“ದಣಿವಲ್ಲ ಯವ್ವಾ. ನಾ ಒಂದು ಸೊಲ್ಲು ಹಾಡೀನಿ, ಅದನ್ನ ತಿರುಗಿ ಹಾಡೋದು ಅವರ ಪಾಳಿ. ಶಂಕ್ರಮ್ಮ, ಉಳಿದೋರು. ಆ ಜಾಗ ನಂದಲ್ಲ, ಅವರದು.”

ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ಪುತಳಾಬಾಯಿ ಮೂವತ್ತು ವರ್ಷದ ರೂಢಿಯಲ್ಲಿ ಹಿಮ್ಮೇಳದವರಿಗೆ ಅವರ ಪಾಲು ಬಿಟ್ಟು, ಒಳಗೊಳಗೇ ತಾಳ ಎಣಿಸಿ ಮತ್ತೆ ಎತ್ತುತ್ತಿದ್ದಳು. ಮಲ್ಲಿಕಾ ಹೌಹಾರಿ ಬುರ್ಹಾನುದ್ದೀನ್ ಸಾಹೇಬರಿಗೆ ಫೋನು ಮಾಡಿದಳು. ಕತ್ತರಿಸಿದ ಜಾಗವನ್ನು ಮತ್ತೆ ಅಷ್ಟೇ ಅಳತೆಯಲ್ಲಿ ಸೇರಿಸುವುದು ತಮ್ಮಿಂದಾಗದು, ಆ ಅಳತೆ ಹಾಡಿದವರ ಎದೆಯಲ್ಲಿದೆ ಎಂದರು ಅವರು. ಎಲ್ಲವನ್ನೂ ಮೊದಲಿನಿಂದ ಹಾಡಬೇಕಿತ್ತು. ಉಳಿದದ್ದು ಆರು ದಿನ, ಕೊನೆಯ ಎರಡು ದಿನ ಆಸ್ಪತ್ರೆಗೆ. ಮೂವತ್ತೊಂದು ಪದ, ನಾಲ್ಕು ದಿನ, ಗಂಟು ಹೊತ್ತ ಗಂಟಲು.

ಪುತಳಾಬಾಯಿ ಆಗ ಗುಟ್ಟು ಬಿಟ್ಟುಕೊಟ್ಟಳು. ಶಂಕ್ರಮ್ಮ ಭಜನೆಯ ಹಿಮ್ಮೇಳದಲ್ಲಿ ಎಲ್ಲರಿಗಿಂತ ಹಿರಿಯಳು, ಬಾಯಿ ಬಲು ಜೋರು. ಆಪರೇಷನ್ನಿನ ಸುದ್ದಿ ಕೇಳಿ ಮೊದಲು ಇಷ್ಟು ದಿನ ಹೇಳದೆ ಇದ್ದದ್ದಕ್ಕೆ ಚೆನ್ನಾಗಿ ಬೈದಳು, ಆಮೇಲೆ ಓಣಿಯನ್ನೆಲ್ಲ ಎಬ್ಬಿಸಿದಳು. ಮರುದಿನದಿಂದ ಶಾಲೆಯ ಅಡುಗೆಗೆ ಭಜನೆಯ ಇಬ್ಬರು ಹೋದರು. ಮನೆಯ ರೊಟ್ಟಿ ಇನ್ನೊಬ್ಬಳ ಪಾಲಿಗೆ ಬಂತು. ಉಳಿದ ಐವರು ತೊಗರಿ ಕೋಣೆಗೆ ಬಂದರು.

ಹಿಮ್ಮೇಳವನ್ನೂ ಸೇರಿಸಿ ಹಿಡಿಯೋಣವೆಂದಳು ಮಲ್ಲಿಕಾ. ಪುತಳಾಬಾಯಿ ಒಪ್ಪಲಿಲ್ಲ. ಈ ಐವರ ದನಿ ಒಳಗೆ ತುಂಬಿಬಿಟ್ಟರೆ ಮುಂದೆ ಕಲಿಯಲು ಬರುವವರು ಸುಮ್ಮನೆ ಕೇಳಿಸಿಕೊಂಡು ಹೋಗುತ್ತಾರೆ, ಜಾಗ ಖಾಲಿ ಇದ್ದರೆ ಬಾಯಿ ತೆರೆಯಲೇಬೇಕಾಗುತ್ತದೆ ಎಂದಳು. ಹಾಗಾಗಿ ಆ ಐವರೂ ಮೈಕಿನ ಬೆನ್ನ ಹಿಂದೆ, ಆಕೆಗೆ ಎದುರಾಗಿ ಕೂತು, ತಮ್ಮ ಪಾಳಿ ಬಂದಾಗ ದನಿ ಬಿಡದೆ ಬರೀ ತುಟಿ ಆಡಿಸಿ ಹಾಡಿದರು, ಆ ತುಟಿಗಳನ್ನು ನೋಡಿ ಆಕೆ ಮುಂದಿನ ಸೊಲ್ಲು ಎತ್ತಿದಳು. ಕೈಯ ಗಾಜಿನ ಬಳೆಗಳು ಸದ್ದು ಮಾಡುತ್ತವೆ, ತೆಗೆಯಲು ಮುತ್ತೈದೆಯರು ಒಪ್ಪುವುದಿಲ್ಲ. ಹಳೆಯ ಸೀರೆ ಹರಿದು ಬಳೆಗಳ ಮೇಲೆ ಬಿಗಿಯಾಗಿ ಸುತ್ತಿಕೊಂಡರು. ಹುಟ್ಟಿದಾಗಿನಿಂದ ಒಂದು ಗಳಿಗೆ ಸುಮ್ಮನಿರದ ಶಂಕ್ರಮ್ಮ ನಾಲ್ಕು ದಿನ ಮೂಕಿಯಾಗಿ ಹಾಡಿದ್ದನ್ನು ಊರು ಈಗಲೂ ಆಡಿಕೊಳ್ಳುತ್ತದೆ.

ನಾಲ್ಕನೆಯ ದಿನ ಸಂಜೆ ಮೂವತ್ತೊಂದನೆಯ ಪದ ಮುಗಿಯಿತು. ಪುತಳಾಬಾಯಿ ಒಬ್ಬೊಬ್ಬರ ಕೈಯ ಬಟ್ಟೆಯನ್ನೂ ತಾನೇ ಬಿಚ್ಚಿದಳು, ಬಿಚ್ಚುವಾಗ ಆ ಕೈಗಳನ್ನು ಕಣ್ಣಿಗೊತ್ತಿಕೊಂಡಳು. ಮಾರನೆಯ ದಿನ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಕೋಟೆಯ ಹತ್ತಿರ ಆಟೋ ನಿಲ್ಲಿಸಿ, ಒಂದು ಡಜನ್ ಕೆಂಪು ಬಾಳೆಹಣ್ಣು ಸಾಹೇಬರ ಮೇಜಿನ ಮೇಲಿಟ್ಟು ಬಂದಳು.

ಆಪರೇಷನ್ ಸಲೀಸಾಗಿ ಆಯಿತು. ಮಾತು ತಿಂಗಳೊಳಗೆ ತಿರುಗಿ ಬಂತು, ಸ್ವಲ್ಪ ಗೊಗ್ಗರು ಅಷ್ಟೇ. ಮೇಲಿನ ಸ್ವರ ಮಾತ್ರ ಬರಲಿಲ್ಲ. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಎತ್ತಿ ನೋಡಿದಳು. ಅರ್ಧ ಹತ್ತಿ ಒಡೆಯಿತು. ಅವತ್ತು ಚೆನ್ನಾಗಿ ಅತ್ತಳು. ಅತ್ತು ಮುಗಿದ ಮೇಲೆ ಮುಖ ತೊಳೆದು, ಹೇಳಿದಂತೆಯೇ ಆಗಿದೆ, ಡಾಕ್ಟರು ಮೋಸ ಮಾಡಲಿಲ್ಲ, ಮುಂಚೆ ಹೇಳಿ ಹತ್ತೊಂಬತ್ತು ದಿನ ಕೊಟ್ಟರಲ್ಲ, ಅಷ್ಟು ಯಾರಿಗೆ ಸಿಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ಯುಗಾದಿ ಕಳೆದ ಮೇಲಿನ ಸೋಮವಾರ ಭಜನೆಗೆ ಹೋದಳು. ಮುಂದಿನ ಜಾಗದಲ್ಲಿ ಮಲ್ಲಿಕಾ ಒಂದು ಸ್ಪೀಕರ್ ಇಟ್ಟಿದ್ದಳು. ಪುತಳಾಬಾಯಿ ಹಿಂದೆ ಹೋಗಿ ಶಂಕ್ರಮ್ಮನ ಮಗ್ಗುಲಲ್ಲಿ ಕೂತಳು. ಸ್ಪೀಕರಿನಿಂದ ತನ್ನದೇ ದನಿ, ಜನವರಿಯ ದನಿ, ಮೊದಲ ಸೊಲ್ಲನ್ನು ಮೇಲಕ್ಕೆತ್ತಿ ಬಿಟ್ಟಿತು. ಆ ಖಾಲಿ ಜಾಗದಲ್ಲಿ ಹೆಂಗಸರೆಲ್ಲರ ದನಿ ಒಟ್ಟಿಗೆ ಎದ್ದಿತು. ಪುತಳಾಬಾಯಿ ಬೆರಗಾಗಿ ಕೂತಳು. ಮೂವತ್ತು ವರ್ಷ ಆ ಹೊತ್ತಿನಲ್ಲಿ ಆಕೆ ಮುಂದಿನ ಸೊಲ್ಲಿಗೆ ಉಸಿರು ತುಂಬಿಕೊಳ್ಳುತ್ತಿದ್ದಳು. ಈ ಹೆಂಗಸರು ಇಷ್ಟು ಚೆಂದ ಹಾಡುತ್ತಾರೆಂದು ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ.

ಎರಡನೆಯ ಸೊಲ್ಲಿಗೆ ತಾನೂ ದನಿ ಸೇರಿಸಲು ಹೋದಳು. ತಡವಾಯಿತು. ಎಲ್ಲರೂ ಎತ್ತಿದ ಮೇಲೆ ಆಕೆಯ ಗೊಗ್ಗರು ದನಿ ಹಿಂದಿನಿಂದ ಓಡಿಬಂತು. ಶಂಕ್ರಮ್ಮ ಮೊಣಕೈಯಿಂದ ತಿವಿದಳು.

“ಹೊಸಬಳು ನೀ, ಆಗ್ತದ. ನಮ್ಮ ಬಾಯಿ ನೋಡ್ಕೋತ ಹಾಡು.”

ಪುತಳಾಬಾಯಿ ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ ಶಂಕ್ರಮ್ಮನ ತುಟಿಗಳ ಮೇಲೆ ಕಣ್ಣು ನೆಟ್ಟಳು. ಮೂರನೆಯ ಸೊಲ್ಲಿಗೆ ಎಲ್ಲರ ಜೊತೆ ಸರಿಯಾಗಿ ಸೇರಿಕೊಂಡಳು.