ಅಟ್ಟೂರಿನ ಮನೆಯೊಳಗೆ ಹೂವಿನಕೋಲು

ನಾನೇ ಟೈಲ್ಸ್ ಹಾಕಿದ ಹಾಲ್‌ನಲ್ಲಿ ಚಪ್ಪಲಿ ಕಳಚಿ ಹೋಗಿ ಕುಳಿತರೆ, ಮನೆಯೊಡತಿ ಬೆದರಿ ಮೊಬೈಲು ಕೈಗೆತ್ತಿಕೊಂಡರು. ಯಲಹಂಕದ ಈ ಅಟ್ಟೂರಿಗೆ ಬಂದು ಇಷ್ಟು ವರ್ಷವಾದರೂ ಇಲ್ಲಿನ ಬಾಗಿಲು ನನಗೆ ಅರ್ಥವಾಗಿಲ್ಲವೆಂದು ಅಂದು ಗೊತ್ತಾಯಿತು.

ನಾನು ಹುಟ್ಟಿ ಬೆಳೆದದ್ದು ಕರಾವಳಿಯ ಒಂದು ಕುದ್ರುವಿನಲ್ಲಿ. ಕುದ್ರು ಎಂದರೆ ಹೊಳೆಯ ನಡುವಿನ ದ್ವೀಪವೆಂದು ಇಲ್ಲಿಯವರಿಗೆ ಹೇಳಿ ಹೇಳಿ ಸಾಕಾಗಿದೆ, ಊರ ಕಡೆಯವರಾದ ನಿಮಗೆ ಹೇಳಬೇಕಿಲ್ಲ. ನವರಾತ್ರಿಯಲ್ಲಿ ಯಕ್ಷಗಾನದ ಪದ ಹಾಡುವ ಭಾಗವತರು ಮಕ್ಕಳಾದ ನಮ್ಮನ್ನು ದೋಣಿಯಲ್ಲಿ ಕೂರಿಸಿಕೊಂಡು ಕುದ್ರುವಿನಿಂದ ಕುದ್ರುವಿಗೆ ಹೋಗುತ್ತಿದ್ದರು. ಯಾರೂ ಕರೆಯಬೇಕಾಗಿರಲಿಲ್ಲ. ಸೀದಾ ಚಾವಡಿಗೆ ಹೋಗಿ, ಹೂ ಕಟ್ಟಿದ ಕೋಲು ನಡುವೆ ಇಟ್ಟು, ಇಬ್ಬರು ಮಕ್ಕಳು ಎದುರುಬದುರು ಕುಳಿತು ಯಕ್ಷಗಾನದ ಮಾತು ಆಡುವುದು; ಅದೇ ಹೂವಿನಕೋಲು.

"ಹ್ವಾಯ್, ಕೂಕಣಿ. ಇವತ್ತ್ ಯಾವ್ ಪ್ರಸಂಗ?" ಎಂದು ಕೂರಿಸಿ ಕೇಳುತ್ತಿದ್ದರು ಮನೆಯವರು.

ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ನಾಲ್ಕು ಜನರೆದುರು ತಲೆಯೆತ್ತಿ ಮಾತಾಡಲು ಕಲಿಸಿದ್ದು ಆ ಕೋಲು. ನನ್ನಪ್ಪನಿಗೂ ಅದೇ. ಈ ಸಲ ಮಗಳು ಮೇಘಾಗೂ ಅವಳ ಗೆಳತಿ ನಾಜಿಯಾಗೂ ಕೆಲಸ ಮುಗಿಸಿ ಬಂದು ಕಲಿಸಿದೆ. ಮೇಘಾ ನನ್ನ ಬಲವಂತಕ್ಕೆ ಮಾತು ಒಪ್ಪಿಸುತ್ತಿದ್ದಳು. ಅವಳು ಬಾಯಿ ಬಿಡದಿದ್ದರೆ ನಮ್ಮ ಮನೆಯ ಹೂವಿನಕೋಲು ನನ್ನಲ್ಲೇ ಮುಗಿಯುತ್ತಿತ್ತು.

"ಅಂಕಲ್, ಬೆಲ್ ಹೊಡೀರಿ," ಎಂದು ಅಂದು ಆ ಮನೆಯ ಗೇಟಿನಲ್ಲೇ ನಾಜಿಯಾ ಹೇಳಿದ್ದಳು.

"ನಮ್ಮ್ ಬದಿಯಂಗೆ ಬೆಲ್ ಹೊಡ್ದ್ ಹೋಪು ಕ್ರಮ ಇಲ್ಲ, ಹೆಣ್ಣೇ," ಎಂದು ತೆರೆದ ಬಾಗಿಲಲ್ಲಿ ನುಗ್ಗಿದವನು ನಾನು.

"ಯಾರ್ರೀ ನೀವು?" ಎಂದರು ಮನೆಯೊಡತಿ.

"ನಿಮ್ಮ ಟೈಲ್ಸ್ ಮೇಸ್ತ್ರಿ, ಅಮ್ಮ."

"ಟೈಲ್ಸ್ ಹಾಕ್ದೋರೆಲ್ಲ ಒಳಗ್ ಬಂದ್ ಕೂತ್ಕೊಂಡ್ರೆ ಪೇಂಟರು, ಪ್ಲಂಬರು ಎಲ್ ಕೂತ್ಕೋಬೇಕು?"

ಕಿವಿ ಬಿಸಿಯಾಯಿತು. ಕೈಯ ತಾಳ ಚೀಲಕ್ಕೆ ಹಾಕಿ ಎದ್ದೆ. ಮೇಘಾ ಏಳಲಿಲ್ಲ.

"ಸಾರಿ ಆಂಟಿ, ಅಪ್ಪಂಗೆ ಇಲ್ಲಿನ ರೂಲ್ಸ್ ಗೊತ್ತಿಲ್ಲ. ಸ್ವಲ್ಪ ಕೇಳಿ, ಆಮೇಲ್ ಬೈಯಿರಿ," ಎಂದವಳೇ ಕೋಲು ನಡುವೆ ಇಟ್ಟು, ನನ್ನ ಪದಕ್ಕೂ ಕಾಯದೆ ಪ್ರಸಂಗದ ಅಣ್ಣನ ಪಾತ್ರದ ಮಾತು ಎತ್ತಿದಳು. ತಮ್ಮನ ಪಾತ್ರದ ನಾಜಿಯಾ ಸೊಂಟಕ್ಕೆ ಕೈಯಿಟ್ಟು ಎದುರುತ್ತರ ಕೊಟ್ಟಳು. ಇಬ್ಬರೂ ಎಲ್ಲಿಯೂ ತಡವರಿಸಲಿಲ್ಲ. ಮನೆಯೊಡತಿ ಮೊಬೈಲು ಕೆಳಗಿಟ್ಟು, "ಅತ್ತೆ, ಬನ್ನಿ ಇಲ್ಲಿ," ಎಂದು ಒಳಗೆ ಕೂಗಿದರು. ನಾನು ಮತ್ತೆ ಕುಳಿತು ತಾಳ ಹಿಡಿದೆ.

ಮುಗಿದಾಗ ಆ ಅತ್ತೆಯೇ ಅಕ್ಕಿ, ತೆಂಗಿನಕಾಯಿ ತಂದರು. "ಎಷ್ಟ್ ಚೆನ್ನಾಗ್ ಮಾತಾಡ್ತೀಯಮ್ಮ. ಯಾವೂರು ನಿಂದು?" ಎಂದು ಮೇಘಾಳನ್ನು ಕೇಳಿದರು.

"ಇಲ್ಲೇ ಅಟ್ಟೂರು, ಅಜ್ಜಿ. ಕುದ್ರು ನಮ್ಮಪ್ಪಂದು."

ಅಕ್ಕಿಯ ತಟ್ಟೆ ಹಿಡಿದು ಮೆಟ್ಟಿಲು ಇಳಿಯುವಾಗ ಎದೆ ಉಬ್ಬಿತ್ತು, ಸುಳ್ಳು ಹೇಳುವುದಿಲ್ಲ. ಆದರೂ ಹುಡುಗಿಯರು ದೋಣಿ ಹತ್ತಿ ದಾಟಿಹೋಗಿ, ಆಚೆ ದಡದಲ್ಲಿ ನಾನೊಬ್ಬನೇ ನಿಂತ ಹಾಗೆ ಅನಿಸಿತು.