ಬೀಗದಣ್ಣ ಉಜ್ಜಿದ ಕೀಲಿ

ಆ ಬೀದಿಯಲ್ಲಿ ಎಲ್ಲರಿಗೂ ಅವನು ಬೀಗದಣ್ಣ. ಔಷಧಿ ಅಂಗಡಿಗೂ ಝೆರಾಕ್ಸ್ ಅಂಗಡಿಗೂ ನಡುವೆ ಅವನದು. ಇಬ್ಬರು ನಿಂತರೆ ಮೂರನೆಯವನು ಬೀದಿಯಲ್ಲೇ ನಿಲ್ಲಬೇಕು, ಅಷ್ಟು ಸಣ್ಣದು. ಗೋಡೆಯ ತುಂಬ ಇನ್ನೂ ಹಲ್ಲು ಕೊರೆಯದ ಕೀಲಿಗಳು. ಮೂವತ್ತು ವರ್ಷದಿಂದ ಅವನದೊಂದು ಪದ್ಧತಿಯಿತ್ತು. ನಕಲು ಕೀಲಿ ಮಾಡುವ ಮೊದಲು ಹಳೆಯ ತಗಡಿನ ಚೂರೊಂದರಲ್ಲಿ ಹಲ್ಲು ಕೊರೆದು ನೋಡುತ್ತಿದ್ದ. ಕೆಲಸ ಮುಗಿದ ಮೇಲೆ ಗಿರಾಕಿಯ ಎದುರಿಗೇ ಆ ಹಲ್ಲುಗಳನ್ನೆಲ್ಲ ಅರದಿಂದ ಉಜ್ಜಿ ಸಪಾಟು ಮಾಡುತ್ತಿದ್ದ. ಗಿರಾಕಿಗೆ ಎಷ್ಟೇ ಅವಸರವಿರಲಿ, ನಿಂತು ನೋಡಿಯೇ ಹೋಗಬೇಕು.

"ನಿಮ್ಮ ಮನೆ ನನ್ನ ಹತ್ರ ಉಳೀಬಾರದು," ಅನ್ನುತ್ತಿದ್ದ.

ಯಾರು ಯಾರನ್ನು ಹೊರಗೆ ಹಾಕಿ ಬೀಗ ಬದಲಿಸಿದರು ಎಂಬುದೆಲ್ಲ ಅವನಿಗೆ ಗೊತ್ತಿರುತ್ತಿತ್ತು. ಹೆಂಡತಿ ಎಷ್ಟು ಕೆದಕಿದರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. "ಮಾತೆಲ್ಲ ನಿಮ್ಮ ಹೊಟ್ಟೇಲೇ ಕೊಳೆಯುತ್ತೆ ನೋಡಿ," ಎಂದು ಅವಳು ರೇಗಿಸುತ್ತಿದ್ದಳು.

ಅಂಥವನು, ಹೆಂಡತಿಗೂ ಹೇಳದ ಒಂದು ಮಾತನ್ನು ಫೋನಿಗೆ ಹೇಳಿದ. ಎಡಗಣ್ಣು ಕೈಕೊಡತೊಡಗಿತ್ತು. ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ಇಂಟರ್ನೆಟ್ ತೆರೆದು, ಒಂಟಿ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಬರೆದ: "ನೋಟದ ಅಂಚೆಲ್ಲ ಕತ್ತಲಾಗೋದು ಯಾಕೆ?" ಮರುದಿನ ಇನ್ನೊಂದು: "ಒಂದೇ ಕಣ್ಣಲ್ಲಿ ಬೀಗದ ಕೆಲಸ ಆಗುತ್ತಾ?" ಓದಿ ಮುಗಿಸಿ ಪ್ರತಿ ಸಲ ಮೂಲೆಯ ಗುಣಿಸು ಗುರುತು ಒತ್ತಿ ಪುಟ ಮುಚ್ಚುತ್ತಿದ್ದ. ಮುಚ್ಚಿದರೆ ಉಜ್ಜಿ ಹಾಕಿದ ಹಾಗೆ ಎಂದೇ ಅವನು ನಂಬಿದ್ದ. ಗೆರೆ ಎಳೆದರೆ ಮಾತ್ರ ತೆರೆಯುವ ಬೀಗ ಫೋನಿಗೂ ಹಾಕಿದ್ದ, ಕಸುಬಿನವನಲ್ಲವೇ.

ಯಾರಿಗೂ ತಿಳಿಯಬಾರದೆಂಬುದಕ್ಕೆ ಕಾರಣವಿತ್ತು. ಹೆಣ್ಣುಮಕ್ಕಳ ಹಾಸ್ಟೆಲಿನ ಇನ್ನೂರು ಕೋಣೆಗಳ ಬೀಗದ ಕೆಲಸ ಇಪ್ಪತ್ತು ವರ್ಷದಿಂದ ಅವನದೇ. ಆ ತಿಂಗಳು ಅದರ ಕರಾರು ಹೊಸದಾಗಬೇಕಿತ್ತು. ಅಂಗಡಿ ನಿಂತಿದ್ದೇ ಅದರ ಮೇಲೆ. ಸಹಿ ಹಾಕಿ ಬಂದು, ಆಮೇಲೆ ಡಾಕ್ಟರ ಹತ್ತಿರ ಹೋಗುವುದೆಂದು ತೀರ್ಮಾನಿಸಿದ್ದ.

ಫೋನು ತಮ್ಮ ತಂದುಕೊಟ್ಟದ್ದು. ಸೆಟ್ಟಿಂಗು ಗಿಟ್ಟಿಂಗು ಎಲ್ಲ ಅವನೇ ಕೂತು ಮಾಡಿಕೊಟ್ಟಿದ್ದ. ತಮ್ಮನೂ ಬೀಗದವನೇ, ಆದರೆ ಅರ ಹಿಡಿದು ಗೊತ್ತಿಲ್ಲ. ಕಾರ್ಖಾನೆಯ ಬೀಗವನ್ನು ಡಬ್ಬಿಯಿಂದ ತೆಗೆದು ಬಾಗಿಲಿಗೆ ಕೂರಿಸುವಷ್ಟೇ ಅವನ ವಿದ್ಯೆ.

ಹಾಸ್ಟೆಲಿಗೆ ಹೋದ ದಿನ ವಾರ್ಡನ್ ಮೇಡಂ ಕುರ್ಚಿ ತೋರಿಸಿದರು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ತೋರಿಸದ ಕುರ್ಚಿ.

"ಇನ್ನು ನೀವು ಆರಾಮಾಗಿರಿ. ನಿಮ್ಮ ತಮ್ಮ ನಿನ್ನೇನೇ ಬಂದು ಸಹಿ ಹಾಕಿದ್ರು. ಪಾಪ, ನಿಮಗೆ ನೋಟದ ಅಂಚೆಲ್ಲ ಕತ್ತಲಾಗ್ತಿದೆಯಂತೆ."

ಅದು ಅವನದೇ ಮಾತು, ಫೋನಿನಲ್ಲಿ ಬರೆದದ್ದೇ. ಬೇರೆ ಯಾರ ಹತ್ತಿರವೂ ಅದನ್ನು ಆಡಿರಲಿಲ್ಲ.

ನೆಟ್ಟಗೆ ತಮ್ಮನ ಮನೆಗೆ ಹೋಗಿ ಕೇಳಿದ. ತಮ್ಮ ಮೊದಲು ತಡವರಿಸಿದ, ಆಮೇಲೆ ಮೇಜಿನ ಮೇಲಿನ ಕಂಪ್ಯೂಟರ್ ಕಡೆ ಕೈ ತೋರಿಸಿದ.

"ನಿನ್ನ ಫೋನಿರೋದು ನನ್ನ ಅಕೌಂಟಲ್ಲೇ ಅಣ್ಣ. ಸುಲಭ ಆಗ್ಲಿ ಅಂತ ಹಾಗೆ ಹಾಕಿದ್ದೆ. ನೀನು ಹುಡುಕಿದ್ದೆಲ್ಲ ಇಲ್ಲೂ ಕಾಣುತ್ತೆ."

"ಯಾವತ್ತಿಂದ ನೋಡ್ತಿದ್ದೀಯ?"

"ಮೊದಲಿಂದಾನೂ."

"ನೋಡಿದೋನು ಒಂದು ಸಲ ಬಂದು, ಅಣ್ಣ, ಕಣ್ಣಿಗೇನಾಯ್ತು ಅಂತ ಕೇಳಬಹುದಿತ್ತಲ್ಲೋ."

"ಕೆಲಸ ಹೊರಗಿನೋರ ಪಾಲಾಗೋದು ಬೇಡ ಅಂತ..." ಎಂದು ತಮ್ಮ ನೆಲ ನೋಡಿದ.

ಹಾಸ್ಟೆಲು ಹೋಯಿತೆಂಬುದು ಒಂದು ಕಡೆ ಇರಲಿ. ತಾನು ಅಂಗಡಿಯಲ್ಲಿ ಹೆದರಿ ಕೂತಿದ್ದಾಗ ಒಡಹುಟ್ಟಿದವನು ಇಲ್ಲಿ ಅದನ್ನು ಓದುತ್ತ ಕೂತಿದ್ದನಲ್ಲ ಎಂಬುದನ್ನು ಬೀಗದಣ್ಣನಿಂದ ತಾಳಲಾಗಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟ.

"ನನ್ನ ಅಂಗಡಿ ಕೀಲಿ ಕೊಡು."

ಆಪತ್ತಿಗಿರಲಿ ಎಂದು ಅವನೇ ಮಾಡಿ ತಮ್ಮನಿಗೆ ಕೊಟ್ಟಿದ್ದ ಕೀಲಿ ಅದು. ತಮ್ಮ ಗೊಂಚಲಿನಿಂದ ಬಿಡಿಸಿ ಕೊಟ್ಟ. ಬೀಗದಣ್ಣ ಜೇಬಿನಿಂದ ಸಣ್ಣ ಅರ ತೆಗೆದು, ಎರಡೂ ಕಣ್ಣು ಮುಚ್ಚಿಕೊಂಡು, ಹೆಬ್ಬೆರಳಲ್ಲಿ ಒಂದೊಂದೇ ಹಲ್ಲನ್ನು ತಡವಿ ಉಜ್ಜತೊಡಗಿದ. ತಮ್ಮ ಎದ್ದು ಹೋಗಲು ನೋಡಿದ.

"ಕೂತ್ಕೋ. ನೋಡ್ಕೊಂಡೇ ಹೋಗಬೇಕು."

ಸಪಾಟಾದ ಕೀಲಿಯನ್ನು ಫೋನಿನ ಪಕ್ಕದಲ್ಲಿಟ್ಟು ಎದ್ದ.

"ನನ್ನ ಮನೆ ಇನ್ನು ನಿನ್ನ ಹತ್ರ ಉಳೀಬಾರದು," ಎಂದ.