ಹರಕೆ ಮರಿಯ ಹಗ್ಗ

ಗಂಟು ಬಿಚ್ಚಿದರೆ ಹೆರಿಗೆ ಸಲೀಸಾಗುತ್ತದೆ ಎಂಬುದನ್ನು ನಾನು ಎಂದೂ ನಂಬಿದವಳಲ್ಲ. ಮೂಡಲಗಿ ಕಡೆಗೆ ನರ್ಸಬಾಯಿಯಾಗಿ ಬಂದ ಹೊಸತು. ಬಾಯಿ ಸ್ವಲ್ಪ ಜೋರೇ ಇತ್ತು. ಹೆರಿಗೆಯ ಮನೆಯಲ್ಲಿ ಹೆಂಗಸರು ಪೆಟ್ಟಿಗೆಯ ಕೀಲಿ ತೆಗೆದು, ಜೋಳದ ಚೀಲದ ಬಾಯಿ ಸಡಿಲಿಸಿ ಓಡಾಡುವುದನ್ನು ಕಂಡರೆ, "ಹೊಟ್ಟ್ಯಾಗಿನ ಕೂಸಿಗೆ ಚೀಲದ ಗಂಟು ಏನ್ ಮಾಡತೈತ್ರಿ?" ಎಂದು ನಗುತ್ತಿದ್ದೆ.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಒಂದು ಮಧ್ಯಾಹ್ನ ಕುರಿ ಕಾಯುವ ಸಿದ್ದಪ್ಪ ಓಡಿಬಂದು ಕರೆದ. ಅವನ ಹೆಂಡತಿ ಲಗಮವ್ವನಿಗೆ ಮೊದಲಿನ ಎರಡೂ ಕೂಸು ಸತ್ತೇ ಹುಟ್ಟಿದ್ದವು. ಈ ಸಲ ಕೂಸು ಉಳಿದರೆ ಮರಿ ಕೊಡುತ್ತೇನೆಂದು ಅತ್ತೆ ಬಾಳವ್ವ ದೇವಿಗೆ ಹರಕೆ ಹೊತ್ತು, ಒಂದು ಕುರಿಮರಿಯನ್ನು ಹಿತ್ತಲಲ್ಲಿ ಕಟ್ಟಿದ್ದಳು. ಮನೆಯ ಗಂಟುಗಳನ್ನೆಲ್ಲ ಬಿಚ್ಚಿದ್ದರೂ ಅದರ ಹಗ್ಗವನ್ನು ಮಾತ್ರ ಮುಟ್ಟಿರಲಿಲ್ಲ. "ದೇವರ ಮರಿ ಐತ್ರಿ ಅದು. ಬಿಚ್ಚಿದ್ರ ಹರಕಿ ಮುರೀತೈತಿ" ಎಂದಳು.

ನೀರು ಒಡೆದಾಗ ಹಸಿರಾಗಿ ಬಂತು. ಕೂಸು ಒಳಗೇ ಸಂಕಟಪಡುತ್ತಿರುವ ಲಕ್ಷಣ ಅದು. ಕಟ್ಟಿಗೆಯ ಕೊಳವೆಯನ್ನು ಹೊಟ್ಟೆಗಿಟ್ಟು ಕಿವಿಗೊಟ್ಟೆ. ಕೂಸಿನ ಎದೆಬಡಿತ ನೋವು ಬಂದಾಗಲೆಲ್ಲ ಕುಂದುತ್ತಿತ್ತು, ನೋವು ನಿಂತರೂ ಏರುತ್ತಿರಲಿಲ್ಲ. ಘಟಪ್ರಭಾದ ಆಸ್ಪತ್ರೆಗೆ ಚಕ್ಕಡಿ ಹೂಡಿದರೆ ದಾರಿಯಲ್ಲೇ ಎಲ್ಲ ಮುಗಿದುಹೋಗುತ್ತಿತ್ತು. ಲಗಮವ್ವನನ್ನು ಎಡಮಗ್ಗುಲಿಗೆ ಹೊರಳಿಸಿದೆ.

ಆಗ ಅವಳು ನನ್ನ ಮುಂಗೈ ಹಿಡಿದಳು. "ಅಕ್ಕಾರ, ಹಿತ್ತಲ ಮರಿ ಕೊರಳಿಗೆ ಹಗ್ಗ ಸುತ್ತೇತ್ರಿ. ಹಗ್ಗ ಕೊಯ್ಯಾಕ ಹೇಳ್ರಿ."

ಆ ಕೋಣೆಗೆ ಕಿಟಕಿ ಇರಲಿಲ್ಲ. ಹಿತ್ತಲಿನಿಂದ ಒಂದು ಸದ್ದೂ ಬಂದಿರಲಿಲ್ಲ. ಬಾಳವ್ವ ಬೇಡ ಬೇಡವೆಂದು ಬಾಗಿಲಿಗೆ ಅಡ್ಡ ನಿಂತಳು. ನಾನು ಯಾಕೆ ಕೂಗಿದೆನೋ, "ಸಿದ್ದಪ್ಪಾ, ಹಿತ್ತಲಕ ಓಡು!" ಎಂದು ಕೂಗಿಬಿಟ್ಟೆ.

ಮರಿ ಗೂಟದ ಸುತ್ತ ತಿರುಗಿ ತಿರುಗಿ, ಕೊರಳಿಗೆ ಹಗ್ಗ ಎರಡು ಸುತ್ತು ಬಿಗಿದು, ಕಣ್ಣು ಮೇಲೆ ಮಾಡಿ ಬಿದ್ದಿತ್ತಂತೆ. ಅವನು ಕುಡಗೋಲಿನಿಂದ ಹಗ್ಗ ಕೊಯ್ದ. ಅದನ್ನು ನಾನು ನೋಡಲಿಲ್ಲ. ಹೊರಗೆ ಮರಿ ಅರಚಿದ್ದು ಕೇಳಿಸಿತು. ಅದೇ ಹೊತ್ತಿಗೆ ಕೊಳವೆಯಲ್ಲಿ ಎದೆಬಡಿತ ಏರಿತು.

ತಲೆ ಹೊರಬಂದಾಗ ಹೊಕ್ಕುಳಬಳ್ಳಿ ಕೊರಳಿಗೆ ಎರಡು ಸುತ್ತು ಬಿಗಿದಿತ್ತು. ಕಟ್ಟಿ ಕತ್ತರಿಸಿದೆ. ನೀಲಿಗಟ್ಟಿದ ಹೆಣ್ಣುಕೂಸು. ಬಾಯಿ ಒರೆಸಿ ಬೆನ್ನು ತಿಕ್ಕಿದೆ, ತಿಕ್ಕುತ್ತಲೇ ಇದ್ದೆ. ಕಡೆಗೆ ಅದು ಅತ್ತಿತು. ನನಗೂ ಅಳು ತಡೆಯಲಾಗಲಿಲ್ಲ.

ಹರಕೆ ಮುರಿಯಿತೆಂದು ಆ ಮನೆಯಲ್ಲಿ ಯಾರೂ ಆಡಿಕೊಳ್ಳಲಿಲ್ಲ. ಆ ಮರಿಗೆ ಮತ್ತೆ ಹಗ್ಗವನ್ನೂ ಕಟ್ಟಲಿಲ್ಲ.

ಮಗ್ಗುಲು ಬದಲಿಸಿದ್ದರಿಂದ ಬಳ್ಳಿಯ ಮೇಲಿನ ಒತ್ತಡ ತಗ್ಗಿರಬೇಕು. ನಾನು ಕಲಿತದ್ದು ಅದನ್ನೇ. ಆದರೆ ಮರಿಯ ವಿಷಯ ಲಗಮವ್ವನಿಗೆ ಹೇಗೆ ತಿಳಿಯಿತು? ಮರುದಿನ ಕೇಳಿದರೆ, "ನಾ ಹಂಗ ಅಂದ್ನೇನ್ರಿ?" ಎಂದು ನನ್ನನ್ನೇ ಕೇಳಿದಳು.

ನೀವು ನಕ್ಕರೂ ಸರಿ. ಅಲ್ಲಿಂದ ಮುಂದೆ ಯಾವ ಕೂಸಿನ ಎದೆಬಡಿತ ಕುಂದಿದರೂ ತಾಯಿಯನ್ನು ಮೊದಲು ಎಡಮಗ್ಗುಲಿಗೆ ಹೊರಳಿಸುತ್ತಿದ್ದೆ. ಆಮೇಲೆ ಬಾಗಿಲತ್ತ ತಿರುಗಿ ಕೂಗುತ್ತಿದ್ದೆ: "ಹಿತ್ತಲದಾಗ ಏನರ ಕಟ್ಟೀರೇನು? ಮೊದಲ ಬಿಚ್ಚಿ ಬಿಡ್ರಿ!"